ಮಾವಿನಕಾಯಿಗೆ ಸ್ಕಾಟ್ಲೆಂಡ್ ವಿಳಾಸ

ಅಕ್ಕನ ಮಗಳ ಮದುವೆಗೆ ಜವಳಿ ತೆಗೆಯಲು ಹೋಗಿದ್ದೆವು. ಅತ್ತೆ "ಮಾವಿನಕಾಯಿ ಬುಟ್ಟಾ ಇರೋದು ತೋರಿಸಪ್ಪ" ಅಂದರು. ಅಂಗಡಿ ಹುಡುಗ ಮುಖ ಸಿಂಡರಿಸಿದ. "ಅದೆಲ್ಲ ಹಳೇ ಸ್ಟೈಲು ಆಂಟಿ, ಈಗ ಪೇಸ್ಲಿ ಓಡ್ತಿದೆ" ಅಂತ ಇನ್ನೊಂದು ಸೀರೆ ಹರಡಿದ. ಅದರ ಮೈತುಂಬ ಮಾವಿನಕಾಯಿ. ಬಾಗಿದ ಮೂತಿ ಸಮೇತ. ರೇಟು ಮಾತ್ರ ಎರಡು ಸಾವಿರ ಜಾಸ್ತಿ.

ಪೇಸ್ಲಿ ಅನ್ನುವುದು ಸ್ಕಾಟ್ಲೆಂಡಿನ ಒಂದು ಊರು. ಗ್ಲಾಸ್ಗೋ ಪಕ್ಕದಲ್ಲಿದೆ. ಆ ಚಳಿಗೆ ಮಾವಿನ ಸಸಿ ಒಂದು ವಾರವೂ ಬಾಳಲಿಕ್ಕಿಲ್ಲ. ಆದರೂ ನಮ್ಮ ಮಾವಿನಕಾಯಿಗೆ ಅದೇ ಊರಿನ ವಿಳಾಸ. ಹೇಗಂತೀರಾ? 18ನೇ ಶತಮಾನದ ಕೊನೆಯ ಹೊತ್ತಿಗೆ ಇದೇ ಬುಟ್ಟಾ ಇದ್ದ ಕಾಶ್ಮೀರದ ಶಾಲುಗಳು ಈಸ್ಟ್ ಇಂಡಿಯಾ ಕಂಪನಿಯವರ ಕೈ ಸೇರಿ ಬ್ರಿಟನ್ನಿಗೆ ಹೋದವು. ಪುಟ್ಟ ಮರದ ಕಡ್ಡಿಗೆ ಬಣ್ಣದ ನೂಲು ಸುತ್ತಿ ಕೈಯಲ್ಲೇ ಚಿತ್ತಾರ ನೇಯುವ ಒಳ್ಳೆಯ ಕಾನಿ ಶಾಲಿಗೆ ವರ್ಷವೇ ಹಿಡಿಯುತ್ತಿತ್ತು. ದುಡ್ಡಿದ್ದವರು ಹೊದ್ದರು, ಇಲ್ಲದವರು ಹೊಟ್ಟೆ ಉರಿದುಕೊಂಡರು. ಆ ಉರಿಗೆ ಮದ್ದಾಗಿ ನಾರ್ವಿಚ್, ಎಡಿನ್‌ಬರೋಗಳಲ್ಲಿ ನಕಲು ಶುರುವಾಯಿತು. 1805ರ ಸುಮಾರಿಗೆ ಪೇಸ್ಲಿಯವರೂ ಕೈಹಚ್ಚಿದರು. ಆಮೇಲೆ ತೂತಿನ ಕಾರ್ಡು ಹಾಕಿದರೆ ಚಿತ್ತಾರ ನೇಯುವ ಜಕಾರ್ಡ್ ಮಗ್ಗ ಬಂತು, ಶಾಲು ಅಗ್ಗವಾಯಿತು, ಊರಿನ ಹೆಸರೇ ಬುಟ್ಟಾಕ್ಕೂ ಅಂಟಿತು. 1842ರಲ್ಲಿ ವಿಕ್ಟೋರಿಯಾ ರಾಣಿಯೇ ಪೇಸ್ಲಿ ಶಾಲು ಕೊಂಡಳು.

ಇದಾಗಿ ನಾಲ್ಕೇ ವರ್ಷ. 1846ರ ಅಮೃತಸರ ಒಪ್ಪಂದದಲ್ಲಿ ಇಂಗ್ಲಿಷರು ಕಾಶ್ಮೀರವನ್ನು 75 ಲಕ್ಷ ರೂಪಾಯಿಗೆ ಜಮ್ಮುವಿನ ರಾಜ ಗುಲಾಬ್ ಸಿಂಗ್ ಕೈಗಿಟ್ಟರು. ಅದರ ಮೇಲೆ ವರ್ಷಕ್ಕೆ ಒಂದು ಕುದುರೆ, 12 ಆಡು, 3 ಜೊತೆ ಕಾಶ್ಮೀರಿ ಶಾಲು ಕಪ್ಪ ಕೊಡಬೇಕು ಅಂದರು. ನೋಡಿ, ಕಪ್ಪ ಕೇಳುವಾಗ ಯಾರೂ ಪೇಸ್ಲಿ ಶಾಲು ಕೇಳಲಿಲ್ಲ! ಅಸಲಿ ಯಾವುದು ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಇರುವುದು ನಮಗೆ.

ಪಕ್ಕದವನ ಪೇಪರು ನೋಡಿ ಬರೆದವನಿಗೆ ರ‍್ಯಾಂಕು ಕೊಟ್ಟ ಹಾಗಾಯಿತು ಇದು. ನಾಳೆ ಚೀನಾದವರು ಚನ್ನಪಟ್ಟಣದ ಗೊಂಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಕಳಿಸಿದರೆ, ಮರದ ಗೊಂಬೆಗೂ 'ಶೆನ್‌ಜೆನ್' ಅಂತ ಹೆಸರಿಟ್ಟು ನಾವೇ ಕ್ಯೂ ನಿಲ್ಲುತ್ತೇವೆ.

ಹಾಗಂತ ನಾವೂ ಸುಮ್ನೆ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಕಾಶ್ಮೀರ ಕಣಿವೆ ಸೇಬಿನ ಊರು, ಮಾವಿನದಲ್ಲ. ಅಲ್ಲಿ ಇದು ಬೂಟಾ, ಅಂದರೆ ಹೂಗಿಡ. ಮೊಘಲರ ಕಾಲದ ಶಾಲಿನ ಅಂಚಿನಲ್ಲಿ ನೆಟ್ಟಗೆ ನಿಂತಿದ್ದ ಗಿಡ ಬರಬರುತ್ತಾ ದಪ್ಪಗಾಗಿ, ತಲೆ ಬಾಗಿಸಿ ಈ ರೂಪಕ್ಕೆ ಬಂತು. ಇರಾನಿನಲ್ಲಿ ಇದು ಬೋತೆ. ಗಾಳಿಗೆ ಬಾಗಿದ ಸೈಪ್ರೆಸ್ ಮರ ಅನ್ನುವವರಿದ್ದಾರೆ, ಬೆಂಕಿಯ ನಾಲಗೆ ಅನ್ನುವವರೂ ಇದ್ದಾರೆ. ನಾವು ಉಪ್ಪು-ಖಾರ ನೆನೆಸಿಕೊಂಡು ಮಾವಿನಕಾಯಿ ಅಂದೆವು. ಅಮೆರಿಕದಲ್ಲಿ ಕೌದಿ ಹೊಲಿಯುವ ಹೆಂಗಸರು 'ಪರ್ಷಿಯದ ಉಪ್ಪಿನಕಾಯಿ' ಅಂದರು. ಮಾವಿನಕಾಯಿಯ ಮುಂದಿನ ಗತಿ ಅದೇ ಅಲ್ವಾ? ಒಟ್ಟಿನಲ್ಲಿ ಎಲ್ಲರೂ ಸೀರೆಯನ್ನೋ ಶಾಲನ್ನೋ ನೋಡಿ, ಕಣ್ಣಿಗೆ ಕಂಡದ್ದನ್ನು ಹೇಳಿದರು. ಅದರಲ್ಲಿ ಒಂದು ಊರನ್ನೇ ಕಂಡವರು ಇಂಗ್ಲಿಷರು ಮಾತ್ರ.

ಕೊನೆಗೆ ಹುಡುಗ ತೋರಿಸಿದ್ದನ್ನೇ ತಂದೆವು. ಮನೆಗೆ ಬಂದು ಅತ್ತೆ ಕನ್ನಡಕ ಹಾಕಿಕೊಂಡು ಬಿಲ್ಲು ಓದಿದರು.

"ಯಾರೋ ಇದು ಪೇಸ್ಲಿ? ದುಡ್ಡು ಕೊಟ್ಟಿದ್ದು ನಾವು, ಬಿಲ್ ಅವಳ ಹೆಸರಲ್ಲಿ ಮಾಡಿದ್ದಾನಲ್ಲೋ!"