ಬೇಳೆಗೆ ಮಾನ್ಯತೆ ಬಂತು, ಒಣಗಿಸುವವರಿಗೆ ಯಾವಾಗ?

ದಾಲ್‌ಮಿಲ್‌ಗೆ ಬಂದ ತೊಗರಿ ನೇರವಾಗಿ ಬೇಳೆಯಾಗುವುದಿಲ್ಲ. ಎಣ್ಣೆ, ನೀರು ಸವರಿ ಅಂಗಳದ ಬಿಸಿಲಿಗೆ ಹರವಬೇಕು, ಕಾಲಾಡಿಸಿ ತಿರುವಬೇಕು, ಸಂಜೆ ಗುಡಿಸಿ ರಾಶಿ ಮಾಡಬೇಕು. ಕಲಬುರಗಿಯಲ್ಲಿ ನಾನು ಕಂಡಂತೆ ಇದೆಲ್ಲ ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ದೂಳಿಗೆ ಸೆರಗೇ ಮುಸುಕು. ಚೀಲ ಹೊರುವ ಹಮಾಲರಿಗೆ ಚೀಲಕ್ಕಿಷ್ಟು ಎಂಬ ದರವಿದೆ, ಅದನ್ನು ಏರಿಸಿಕೊಳ್ಳಲು ಸಂಘವಿದೆ. ಒಣಗಿಸುವ ಈ ಹೆಣ್ಣುಮಕ್ಕಳಿಗೆ ದಿನಗೂಲಿ. ಮಳೆ ಬಂದರೆ, ಹಂಗಾಮು ಮುಗಿದರೆ ಅದೂ ಇಲ್ಲ. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ (ಊರಿನ ಹೆಸರಿನೊಡನೆ ಬೆಸೆದ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಪುಣೆಯಲ್ಲಿದ್ದ ನನಗೂ ಹೆಮ್ಮೆಯಾಯಿತು. ಆದರೆ ನಮ್ಮ ಓಣಿಯಿಂದ ಮಿಲ್ಲಿಗೆ ಹೋಗುವ ಅಕ್ಕಂದಿರಲ್ಲಿ ಒಬ್ಬರ ಬಳಿಯೂ ಕೆಲಸಗಾರರೆಂದು ಹೇಳುವ ಒಂದು ಚೀಟಿ ಇಲ್ಲ.

ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲೇ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ’ ಎಂಬ ಸಂಘ ಕಟ್ಟಿಕೊಂಡರು. ಬಹುತೇಕರು ದಲಿತ ಹೆಣ್ಣುಮಕ್ಕಳು, ಬೀದಿಯಲ್ಲಿ ಕಳ್ಳಿಯರೆಂಬ ಮಾತು ಕೇಳಿದವರು. ಸಂಘ ಮೊದಮೊದಲು ಗಳಿಸಿಕೊಟ್ಟದ್ದೇ ಮಹಾನಗರಪಾಲಿಕೆ ಒಪ್ಪಿದ ಗುರುತಿನ ಚೀಟಿ. 2008ರಲ್ಲಿ ‘ಸ್ವಚ್ಛ’ ಸಹಕಾರ ಸಂಘವಾಗಿ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಮನೆಮನೆಯ ಕಸ ಒಯ್ಯುವ ಹಕ್ಕು ಪಡೆದರು. ಶುಲ್ಕವನ್ನು ಮನೆಯವರೇ ಅವರ ಕೈಗೆ ಕೊಡುತ್ತಾರೆ. ನಮ್ಮ ಮನೆಗೆ ಬರುವ ಮೌಶಿ ತಿಂಗಳ ಹಣವನ್ನು ಅಳುಕಿಲ್ಲದೆ ಕೇಳುತ್ತಾರೆ. ಅವರ ಬದುಕು ಸುಖದ ಸುಪ್ಪತ್ತಿಗೆಯಲ್ಲ. ಕರಾರಿಗಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕು, ಆದರೆ ಒಬ್ಬೊಬ್ಬರೇ ಅಲ್ಲ.

ನಮ್ಮ ಕಡೆಯವರಿಗೆ ಹೋರಾಟ ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅಂಗನವಾಡಿ, ಬಿಸಿಯೂಟದವರ ಸಂಘಗಳು ಗಟ್ಟಿಯಾಗಿವೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದೇ ಎದ್ದರು. ಅವರೆಲ್ಲ ಕೇಳುವುದು ಸರ್ಕಾರ ಎಂಬ ಒಬ್ಬನೇ ಧಣಿಯನ್ನು. ಮಿಲ್ಲಿನ ಹೆಣ್ಣುಮಕ್ಕಳಿಗೆ ಇಂದು ಒಬ್ಬ ಮಾಲೀಕ, ನಾಳೆ ಇನ್ನೊಬ್ಬ. ಹಾಗಾಗಿ ಸಂಘ ಒಂದು ಮಿಲ್ಲಿನದಲ್ಲ, ಇಡೀ ಗಂಜಿನದಾಗಬೇಕು, ಅಂದರೆ ಇಡೀ ಧಾನ್ಯ ಮಾರುಕಟ್ಟೆಯದಾಗಬೇಕು. ಮಹಾರಾಷ್ಟ್ರದ ಹಮಾಲರು 1969ರ ಮಾಥಾಡಿ (ಹೊರೆ ಹೊರುವವರ) ಕಾಯ್ದೆಯಿಂದ ಇದನ್ನೇ ಸಾಧಿಸಿದರು: ವ್ಯಾಪಾರಿ ಯಾರೇ ಇರಲಿ, ಕೂಲಿಯನ್ನೂ ಅದರ ಮೇಲಿನ ಲೆವಿ ಎಂಬ ಹೆಚ್ಚುವರಿ ಹಣವನ್ನೂ ಆ ಕಾಯ್ದೆಯಡಿಯ ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಔಷಧೋಪಚಾರ ಅದರಿಂದಲೇ ನಡೆಯುತ್ತದೆ.

ಇನ್ನು ಕೂಲಿಯ ಅಳತೆ. 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಸೂತ್ರ ಹಾಕಿದಾಗ ದುಡಿಯುವವನೊಬ್ಬ, ಅವನೂ ಸೇರಿ ಕುಟುಂಬಕ್ಕೆ ಮೂವರು ವಯಸ್ಕರಷ್ಟು ಖರ್ಚು ಎಂದು ಹಿಡಿಯಿತು. ಹೆಂಗಸರ ಗಳಿಕೆಯನ್ನು ಲೆಕ್ಕಕ್ಕೇ ತರಲಿಲ್ಲ. ಗಂಡ ಪುಣೆಗೋ ಮುಂಬೈಗೋ ದುಡಿಯಲು ಹೋದ ಮನೆಯಲ್ಲಿ ಒಲೆ ಉರಿಸುವುದು ಇವಳ ಕೂಲಿಯೇ. ಬಾಡಿಗೆ, ಮಕ್ಕಳ ಶಾಲೆ, ಅತ್ತೆಯ ಔಷಧಿ ಅದರಲ್ಲೇ ಆಗಬೇಕು. ಅದನ್ನು ಮೇಲುಖರ್ಚಿನ ದುಡ್ಡೆಂದು ಕೊಡುವುದು ಅನ್ಯಾಯ.

ಗಂಜಿನ ಹಮಾಲ ಅಣ್ಣಂದಿರಲ್ಲಿ ನನ್ನ ಕೋರಿಕೆ ಇದು: ಹೊಸ ತೊಗರಿ ಬರುವ ಮೊದಲೇ ಈ ಅಕ್ಕತಂಗಿಯರನ್ನು ಸಂಘಕ್ಕೆ ಸೇರಿಸಿಕೊಳ್ಳಿರಿ. ಮುಂದಿನ ದರದ ಮಾತುಕತೆಯಲ್ಲಿ ಅವರ ಕೂಲಿಯ ಮಾತನ್ನು ಅವರೇ ಕೂತು ಆಡಲಿ.