ನೀರು ಯಾರದು ಮಿಸ್?

ಮಂಡ್ಯದ ಕಡೆ ಯಾರನ್ನು ಏನು ಬೇಕಾದರೂ ಕೇಳಿ. ಸಂಬಳ ಎಷ್ಟು, ಮಗಳಿಗೆ ಯಾಕಿನ್ನೂ ಮದುವೆ ಮಾಡಿಲ್ಲ, ಕಬ್ಬಿನ ದುಡ್ಡು ಬಂತಾ, ಎಲ್ಲಾ ಕೇಳಬಹುದು. 'ನೀರು ಯಾರದು?' ಅಂತ ಮಾತ್ರ ಕೇಳಬಾರದು. 14 ವರ್ಷದಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಹಳ್ಳಿಯಲ್ಲಿ ಪಾಠ ಮಾಡುತ್ತಿರುವ ನನಗೆ ಇಷ್ಟು ಗೊತ್ತಿರಬೇಕಿತ್ತು. ನಾನು ಕೇಳಿದ್ದಷ್ಟೇ ಅಲ್ಲ, ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ನಾಲ್ಕು-ಐದನೇ ಕ್ಲಾಸಿನ ಗೋಡೆಗೆ ಅಂಟಿಸಿಬಿಟ್ಟೆ.

ಶುರುವಾಗಿದ್ದು ಎರಡು ದಿನದ ಒಂದು ತರಬೇತಿಯಲ್ಲಿ. ಕನ್ನಡ, ಗಣಿತ, ಪರಿಸರ ಅಧ್ಯಯನ ಅಂತ ಪೀರಿಯಡ್ಡಿಗೊಂದು ಗೋಡೆ ಕಟ್ಟಬೇಡಿ, ಒಂದು ಥೀಮ್ ಹಿಡಿದು ಎಲ್ಲವನ್ನೂ ಅದರ ಸುತ್ತ ಹೆಣೆಯಿರಿ, ನಡುವೆ ಒಂದು 'ಎಸೆನ್ಷಿಯಲ್ ಕ್ವಶ್ಚನ್' ಇಡಿ ಅಂದರು. ನನ್ನ ಪಕ್ಕದಲ್ಲಿದ್ದ ಹಿರಿಯ ಮೇಷ್ಟ್ರು, ರಿಟೈರ್ ಆಗೋಕೆ ಎಂಟು ತಿಂಗಳಿತ್ತು, ಕೈ ಎತ್ತಿ, "ಪರೀಕ್ಷೆಗೆ ಬರೋ ಇಂಪಾರ್ಟೆಂಟ್ ಕ್ವಶ್ಚನ್ನಾ ಸಾರ್?" ಅಂದರು. ಅಲ್ಲವಂತೆ. ಒಂದು ಮಾತಲ್ಲಿ ಉತ್ತರ ಹೇಳಿ ಕೈ ತೊಳೆದುಕೊಳ್ಳಲಾಗದ ಪ್ರಶ್ನೆಯಂತೆ. ಕೇಳಿದಷ್ಟೂ ಇನ್ನೊಂದು ಹುಟ್ಟಬೇಕು. ವಾದಕ್ಕೆ ಜಾಗ ಇರಬೇಕು. ಗಣಿತಕ್ಕೂ ನುಗ್ಗಬೇಕು, ಚರಿತ್ರೆಗೂ ನುಗ್ಗಬೇಕು. "ಅಂಥವನ್ನ ನಮ್ಮನೇಲಿ ದಿನಾ ಸಂಜೆ ಕೇಳ್ತಾರೆ ಬಿಡಿ" ಅಂತ ಮೇಷ್ಟ್ರು ಕೂತರು.

ಯೋಜನೆಯನ್ನೂ ಹಿಂದಿನಿಂದ ಮುಂದಕ್ಕೆ ಮಾಡಬೇಕು. ಕೊನೆಗೆ ಮಗುವಿಗೆ ಏನು ಅರ್ಥವಾಗಿರಬೇಕು ಅನ್ನೋದು ಮೊದಲು. ಅರ್ಥವಾಗಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ ಅನ್ನೋದು ಎರಡನೆಯದು. ಆಟ, ಹಾಡು, ಚಟುವಟಿಕೆ ಎಲ್ಲ ಕಟ್ಟಕಡೆಗೆ. ಗ್ರಾಂಟ್ ವಿಗಿನ್ಸ್, ಜೇ ಮೆಕ್‌ಟೈ ಅನ್ನೋ ಇಬ್ಬರು ಅಮೆರಿಕದವರು 1998ರಲ್ಲಿ ಇದನ್ನೇ ಪುಸ್ತಕ ಮಾಡಿದರು. ಎಲೆ ಎಷ್ಟು ಅಂತ ಕೇಳಿಕೊಂಡು ಅಕ್ಕಿ ಅಳೆಯೋ ನಮ್ಮ ಕಡೆ ಅಡುಗೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮಂಥ ಟೀಚರುಗಳಿಗೆ ಮಾತ್ರ ಕಷ್ಟ. ನಾವು ಮೊದಲು ಚಾರ್ಟ್ ಪೇಪರ್, ಫೆವಿಕಾಲ್ ತರುತ್ತೇವೆ. ಏನು ಕಲಿಸಬೇಕು ಅಂತ ಬಸ್ಸಲ್ಲಿ ಯೋಚನೆ ಮಾಡುತ್ತೇವೆ.

ನನ್ನ ಮೊದಲ ಥೀಮ್ 'ಬೆಲ್ಲ'. ಊರ ಸುತ್ತ ಕಬ್ಬು, ಎರಡು ಆಲೆಮನೆ. ಬೆಲ್ಲದ ಪದ್ಯ, ಬೆಲ್ಲದ ಚಿತ್ರ, ಬೆಲ್ಲದ ಲೆಕ್ಕ. ತೂಕ ಕಲಿಸಲು ಒಂದು ಕೆಜಿ ಅಚ್ಚುಬೆಲ್ಲ ತಂದಿಟ್ಟೆ. ಬೆಳಿಗ್ಗೆ ತಕ್ಕಡಿಯಲ್ಲಿ 1000 ಗ್ರಾಂ ಇತ್ತು. ಬಿಸಿಯೂಟದ ಹೊತ್ತಿಗೆ 850. ಮೂರೂವರೆಗೆ 400. ಕಳೆಯುವ ಲೆಕ್ಕ ತನ್ನಷ್ಟಕ್ಕೆ ತಾನೇ ಆಗಿಹೋಯಿತು. ಮಾರನೇ ದಿನ ಬಂದ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, "ಇದರಲ್ಲಿ ನಿಮ್ಮ ಪ್ರಶ್ನೆ ಯಾವುದು ಮೇಡಂ?" ಅಂದರು. 'ಉಳಿದ ಬೆಲ್ಲ ಎಲ್ಲಿ?' ಅನ್ನೋದೊಂದೇ ನನ್ನ ಹತ್ತಿರ ಇದ್ದ ಪ್ರಶ್ನೆ. ಅದರ ಉತ್ತರ ಹಿಂದಿನ ದಿನವೇ 27 ಬಾಯಿಗೆ ಅಂಟಿಕೊಂಡು ಮನೆಗೆ ಹೋಗಿತ್ತು. ಆವತ್ತು ನನಗೆ ಒಂದು ತಿಳಿಯಿತು. ಲೆಕ್ಕದ ಪುಸ್ತಕದಲ್ಲಿ ಸೇಬು ಇದ್ದ ಕಡೆಯೆಲ್ಲ ಬೆಲ್ಲ ಅಂತ ತಿದ್ದಿದರೆ ವಿಷಯಗಳು ಒಂದಾಗಲ್ಲ. ಇರುವೆ ಬರುತ್ತೆ, ಅಷ್ಟೇ.

ಎರಡನೇ ಸಲ ಹುಷಾರಾದೆ. ಥೀಮ್ 'ನೀರು', ಮೂರು ವಾರ. ಪ್ರಶ್ನೆಗೆ ರಾತ್ರಿಯೆಲ್ಲ ತಲೆ ಕೆರೆದುಕೊಂಡೆ. 'ನೀರು ಎಲ್ಲಿಂದ ಬರುತ್ತೆ?' ಅಂತ ನನ್ನ ಮಗನ ಮೇಲೆ ಪ್ರಯೋಗ ಮಾಡಿದೆ. "ನಲ್ಲಿಯಿಂದ" ಅಂದ, ಮೊಬೈಲಿನಿಂದ ಕಣ್ಣೆತ್ತದೆ. 'ನೀರಿಲ್ಲದಿದ್ದರೆ ಏನಾಗುತ್ತೆ?' "ಸಾಯ್ತೀವಿ." ಎರಡು ಪ್ರಶ್ನೆ, ಎರಡೇ ಸೆಕೆಂಡು. ಹನ್ನೊಂದು ಗಂಟೆಗೆ 'ನೀರು ಯಾರದು?' ಹೊಳೆಯಿತು. ಮಗ ಕಣ್ಣೆತ್ತಿದ. "ಅಮ್ಮಾ, ಬೇಡ" ಅಂದ. ಕೇಳಬೇಕಿತ್ತು.

ನಮ್ಮ ಮಕ್ಕಳು ಮೂರನೇ ಕ್ಲಾಸಿನವರೆಗೆ ಆಡುತ್ತಾ ಕಲಿಯುವ ನಲಿ-ಕಲಿ ಮುಗಿಸಿ ನಾಲ್ಕನೇ ಕ್ಲಾಸಿಗೆ ಬರುವವರು. 1995ರಲ್ಲಿ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯ ದೊಡ್ಡ ಗುಣ, ಮಕ್ಕಳಿಗೆ ಮೇಷ್ಟ್ರ ಭಯ ಇರಲ್ಲ. ದೊಡ್ಡ ತೊಂದರೆಯೂ ಅದೇ. ಚಾರ್ಟ್ ಅಂಟಿಸಿ ತಿರುಗುವಷ್ಟರಲ್ಲಿ ಗದ್ದಲ. "ಗಂಗಮ್ಮಂದು ಮಿಸ್!" "ಕೊಡಗ್ನೋರ್ದು, ಅಲ್ಲೇ ಹುಟ್ಟೋದು!" "ಇಂಜಿನಿಯರ್‌ದು!" ಮುಂದಿನ ಬೆಂಚಿನ ಒಬ್ಬ ಎದ್ದು ನಿಂತು, "ನಮ್ಮಪ್ಪಂದು" ಅಂದ. ಇವರ ಗದ್ದೆ ತೂಬಿನ ಪಕ್ಕದಲ್ಲೇ. ಅವನ ಜೊತೆ ಒಂದೇ ಡೆಸ್ಕಿನಲ್ಲಿ ಕೂರುವ ಹುಡುಗಿಯ ಮನೆಯವರದು ನಾಲೆಯ ಕೊನೆಯ ಗದ್ದೆ. ಅವಳು ಏನೂ ಹೇಳಲಿಲ್ಲ. ಸೀಮೆಸುಣ್ಣ ತಗೊಂಡು ಡೆಸ್ಕಿನ ನಡುವೆ ಒಂದು ಗೆರೆ ಎಳೆದಳು.

ಪ್ರಶ್ನೆಯನ್ನು ಮನೆಯಲ್ಲೂ ಕೇಳಿಕೊಂಡು ಬನ್ನಿ ಅಂದಿದ್ದೆ. 'ಸಮುದಾಯದ ಸಹಭಾಗಿತ್ವ' ಅಂತ ಯೋಜನೆಯ ನಮೂನೆಯಲ್ಲಿ ಒಂದು ಕಾಲಂ ಇತ್ತು, ತುಂಬಬೇಕಲ್ವಾ?

ಮಾರನೇ ದಿನ ಪ್ರಾರ್ಥನೆ ಮುಗಿಯೋ ಮುಂಚೆ ಕಾಲಂ ತುಂಬಿ ತುಳುಕಿತು. ಗೇಟಲ್ಲಿ ಹುಡುಗನ ಅಪ್ಪ, ಹುಡುಗಿಯ ಅಪ್ಪ, ಜೊತೆಗೆ ಎರಡೂ ಕಡೆಯ ಅಣ್ಣತಮ್ಮಂದಿರು. "ಏನ್ ಮೇಡಂ, ಐಕ್ಳಿಗೆ ಏನ್ ಯೋಳ್ಕೊಡ್ತಿದ್ದೀರಿ? ರಾತ್ರಿಯೆಲ್ಲ ನನ್ ಮಗ್ಳು, 'ಅವ್ರ್ ತೂಬ್ ಯಾಕ್ ಮುಚ್ಚಲ್ಲ' ಅಂತ ಪ್ರಾಣ ತಿಂದ್ಬುಟ್ಲು." "ನಾವೇನ್ ಕದ್ದೀವಾ? ನಮ್ ಕಟ್ನಲ್ಲಿ ನಾವ್ ಬುಟ್ಕೊಂಡೋ." ಕಟ್ಟು ಅಂದರೆ ಸರದಿ. ಇಷ್ಟು ದಿನ ಮೇಲಿನವರಿಗೆ ನೀರು, ಇಷ್ಟು ದಿನ ಕೆಳಗಿನವರಿಗೆ. ಕಾಗದದಲ್ಲಿ ಚೆಂದ. ಹೆಡ್‌ಮಾಸ್ಟರ್ ನನ್ನ ಮುಖ ನೋಡಿದರು. ನಾನು ಏನೂ ತೋಚದೆ, "ಒಳಗೆ ಬನ್ನಿ, ಮಕ್ಕಳಿಗೆ ನೀವೇ ಹೇಳಿ" ಅಂದೆ. ಆಳೆತ್ತರದ ಗಂಡಸರು ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ ಮೇಲೆ ಜಗಳ ಅರ್ಧ ಇಳಿಯಿತು. ಆ ಭಂಗಿಯಲ್ಲಿ ಯಾರಿಗೂ ಜೋರು ಮಾಡೋಕಾಗಲ್ಲ.

ತೀರ್ಪು ಹೇಳಲು, ನಾಲೆಯಿಂದ ಗದ್ದೆಗೆ ನೀರು ಬಿಡುವ ನೀರುಗಂಟಿಯನ್ನೇ ಕರೆಸಿದರು. ಅವರಿಗೆ 20 ನಿಮಿಷ ಅಂದಿದ್ದೆ. ಎರಡು ಪೀರಿಯಡ್ ಮಾತಾಡಿದರು, ಅನ್ನಸಾರಿನ ವಾಸನೆ ಬಂದ ಮೇಲೆ ನಿಲ್ಲಿಸಿದರು. ಆದರೆ ಅದರ ನಡುವೆ ನಾನು ಒಂದು ವಾರ ಇಟ್ಟುಕೊಂಡಿದ್ದ ದಶಮಾಂಶದ ಪಾಠ ಮುಗಿದೇ ಹೋಯಿತು. "ಕಟ್ಟೆ ತುಂಬುದ್ರೆ ಎಷ್ಟ್ಲಾ?" ಅಂದರು. ಇಡೀ ಕ್ಲಾಸು ಒಂದೇ ಉಸಿರಿಗೆ, "124.80 ಅಡಿ!" ಮಗ್ಗಿ ಒಪ್ಪಿಸೋಕೆ ತಡವರಿಸುವ ಮಕ್ಕಳು ಇವು. "ಇವತ್ತು 124.08 ಅಂದ್ರೆ ತುಂಬ್ತಾ?" "ಇಲ್ಲಾ, ಇನ್ನೂ ಬೇಕು!" ಬಿಂದುವಿನ ಆಚೆ ಸೊನ್ನೆ ಎಲ್ಲಿ ಕೂತರೆ ಎಷ್ಟು ಕಮ್ಮಿ ಅನ್ನೋದನ್ನು ನಾನು ರೂಪಾಯಿ-ಪೈಸೆ ಹಿಡಿದು ಹೇಳಬೇಕು ಅಂತಿದ್ದೆ. ಪೈಸೆಯನ್ನು ಈ ಮಕ್ಕಳು ಕಂಡೇ ಇಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಮಟ್ಟವನ್ನು ದಿನಾ ಅಪ್ಪನ ಬಾಯಲ್ಲಿ ಕೇಳುತ್ತವೆ.

ಟಿಎಂಸಿ ಲೆಕ್ಕ ಮಾತ್ರ ನನ್ನ ಮೈಮೇಲೇ ಬಂತು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಲೀಟರಿಗೆ ತಂದರೆ ಸುಮಾರು 2,831 ಕೋಟಿ. ಬೋರ್ಡಿನಲ್ಲಿ ಸೊನ್ನೆಗಳಿಗೆ ಜಾಗ ಸಾಲದೆ ಕೊನೆಯ ಎರಡು ಗೋಡೆಗೆ ಹೋದವು. ನಮ್ಮೂರ ಪ್ಲಾಸ್ಟಿಕ್ ಕೊಡ 15 ಲೀಟರಿನದು. ಭಾಗಿಸಿದರೆ ಹತ್ತಿರ ಹತ್ತಿರ 189 ಕೋಟಿ ಕೊಡ. "ನಮ್ಮವ್ವ ದಿನಕ್ಕೆ ಹತ್ತು ಕೊಡ ಹೊರ್ತಾಳೆ ಮಿಸ್" ಅಂದಳು ಒಬ್ಬಳು. ಸರಿ, ಅದನ್ನೂ ಭಾಗಿಸಿದೆವು. ಐದು ಲಕ್ಷ ವರ್ಷ ದಾಟಿತು. ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಆ ಹುಡುಗಿ ಮೆಲ್ಲಗೆ, "ಅಪ್ಪ ಒಂದೆರಡು ಹೊರ್‌ಬಹುದು ಅಲ್ವಾ ಮಿಸ್?" ಅಂದಳು. ಹಿಂದಿನ ಬೆಂಚಿನಲ್ಲಿ ಇನ್ನೂ ಕೂತಿದ್ದ ಅವಳ ಅಪ್ಪ ನೀರುಗಂಟಿಯ ಕಡೆ ತಿರುಗಿ ಮಳೆಯ ಮಾತು ತೆಗೆದರು.

ಎರಡನೇ ವಾರ ಚರಿತ್ರೆ. ಅಣೆಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ಗಾರೆಗೆ ಸಿಮೆಂಟಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ, ಅಂತೆಲ್ಲ ಬರೆಸಿದೆ. ನಾಲ್ವಡಿಯವರು, ವಿಶ್ವೇಶ್ವರಯ್ಯನವರು, ಇಬ್ಬರ ಚಿತ್ರವನ್ನೂ ಅಂಟಿಸಿದೆ. ಒಂದು ಮಗುವಿನ ಅಜ್ಜಿ ಬಂದು, ನಾಲೆ ಬರೋ ಮುಂಚೆ ಈ ಕಡೆ ಬರೀ ರಾಗಿ, ಹುರುಳಿ ಅಂತ ಹೇಳಿದರು. ಅವರ ಬಾಯಲ್ಲಿ ಅದು ಈಗಲೂ ಇರ್ವಿನ್ ನಾಲೆ. ಕಟ್ಟೆ ಕಟ್ಟಿದಾಗ ಹಳೇ ಕನ್ನಂಬಾಡಿ ಊರೇ ಮುಳುಗಿತು, ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ನಮ್ಮ ಕಾಲದಲ್ಲಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು ಅಂತ ನಾನು ಸೇರಿಸಿದೆ. ತೂಬಿನ ಹುಡುಗ ಕೇಳಿದ, "ಅಂಗಾದ್ರೆ ನೀರು ಮುಳುಗಿದ್ ಊರ್ನೋರ್ದು ಅಲ್ವಾ ಮಿಸ್?" ನನ್ನ ಯೋಜನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಮ್ಮಪ್ಪಂದು ಅಂದಿದ್ದವನು ಇವನೇ.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಮರ್ಯಾದೆಯಾಗಿ ಮನೆಗೆ ಹೋಗುತ್ತಿದ್ದೆ. ಶಾಲೆಯಲ್ಲಿ ನೀರು ಎಷ್ಟು ಪೋಲಾಗುತ್ತೆ ಅಳೆದು ವರದಿ ಬರೀರಿ ಅಂದೆ. ಅಡುಗೆಮನೆ ಹಿಂದಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಲೀಟರಿನ ಬಾಟಲಿ ಎಂಟು ನಿಮಿಷಕ್ಕೆ ತುಂಬಿತು. ಹಾಗಾದರೆ ದಿನಕ್ಕೆ 180 ಲೀಟರ್. ತುಂಬಾ ಚೆನ್ನಾಗಿ ಬರೆದಿದ್ದಾರೆ ಅಂತ ಹೆಡ್‌ಮಾಸ್ಟರ್ ಮುಂದೆ ಜೋರಾಗಿ ಓದಿಸಿದೆ. ಎರಡನೇ ಪುಟ ನಾನು ನೋಡಿರಲಿಲ್ಲ. 'ನಮ್ಮ ಮಿಸ್ ಟಿಫನ್ ಬಾಕ್ಸ್ ತೊಳೆಯುವಾಗ ಫೋನ್ ಬಂತು. ನಲ್ಲಿ ನಿಲ್ಲಿಸಲಿಲ್ಲ. ಮೂರು ನಿಮಿಷ ಮಾತಾಡಿದರು. ಸೀರೆ ವಿಷಯ. ಬಾಟಲಿ ಲೆಕ್ಕದಲ್ಲಿ 22.' ಹೆಡ್‌ಮಾಸ್ಟರ್ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು.

ಮೂರನೇ ವಾರದ ಕೊನೆಗೆ ಸಿಆರ್‌ಪಿ ಮತ್ತೆ ಬಂದರು. ಚಾರ್ಟ್ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಮೇಡಂ, ಇದಕ್ಕೆ ಉತ್ತರ?" ನಾನು ಹೇಳಿದೆ: ಸಾರ್, ಇದಕ್ಕೆ 1990ರಲ್ಲಿ ಕಾವೇರಿ ನ್ಯಾಯಮಂಡಳಿ ಮಾಡಿದರು. ಅವರು ಕೊನೆಯ ತೀರ್ಪು ಕೊಟ್ಟಿದ್ದು 2007ರಲ್ಲಿ. ಅದನ್ನೂ ಒಪ್ಪದೆ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಹಲವು ರಾಜ್ಯಗಳಲ್ಲಿ ಹರಿಯೋ ನದಿ ದೇಶದ ಸ್ವತ್ತು, ಯಾವ ಒಂದು ರಾಜ್ಯವೂ ಪೂರ್ತಿ ನನ್ನದು ಅನ್ನೋ ಹಾಗಿಲ್ಲ ಅಂತ 2018ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ನನಗೆ ಕೊಟ್ಟಿದ್ದು ಮೂರು ವಾರ. ಅದರಲ್ಲೂ ಒಂದು ದಿನ ಚುನಾವಣಾ ಕೆಲಸ.

"ಅದಿರಲಿ, ಮಕ್ಕಳಿಗೆ ಅರ್ಥವಾಗಿದೆ ಅನ್ನೋದಕ್ಕೆ ಪುರಾವೆ?"

ಅದು ನನ್ನ ಹತ್ತಿರ ಇತ್ತು. ಆ ಡೆಸ್ಕಿಗೆ ಕರೆದುಕೊಂಡು ಹೋದೆ. ಸೀಮೆಸುಣ್ಣದ ಗೆರೆ ಅಳಿಸಿತ್ತು. ಹುಡುಗನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಂದು ಒಪ್ಪಂದ ಇತ್ತು. ಡೆಸ್ಕಿನಲ್ಲಿ ಇರೋದು ಒಂದೇ ರಬ್ಬರು, ಅದು ಅವನದು. ಸೋಮವಾರ, ಮಂಗಳವಾರ ಅವನ ಕಟ್ಟು. ಬುಧವಾರ, ಗುರುವಾರ ಅವಳ ಕಟ್ಟು. ಶುಕ್ರವಾರ, ಶನಿವಾರ ಇಬ್ಬರಿಗೂ. ಕೆಳಗೆ ಎರಡು ಸಹಿ, ಸಾಕ್ಷಿ ಅಂತ ಮೂರನೆಯದು. ಸಿಆರ್‌ಪಿ ಫೋಟೋ ತೆಗೆದರು. ನಾನು ಸೆರಗು ಸರಿಮಾಡಿಕೊಂಡೆ. ಆವತ್ತು ಗುರುವಾರ. ಹುಡುಗಿ ಕೈ ಚಾಚಿಕೊಂಡೇ ಇದ್ದಳು, ಹುಡುಗ ರಬ್ಬರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ.

"ಕೊಡೋ, ಇವತ್ತು ಅವಳ ಕಟ್ಟಲ್ವಾ?" ಅಂದೆ.

"ಆಗಲ್ಲ ಮಿಸ್. ಈ ಸಲ ಒಳಹರಿವು ಕಮ್ಮಿ ಅದೆ. ರಬ್ಬರ್ ಅರ್ಧ ಸವ್ದೋಗೈತೆ. ನಮಗೇ ಸಾಲಲ್ಲ."

ಹುಡುಗಿ ಕೈ ಹಿಂದಕ್ಕೆ ತಗೊಂಡು, ನೋಟ್‌ಬುಕ್ಕಿನಿಂದ ಒಪ್ಪಂದದ ಹಾಳೆಯನ್ನು ಹುಷಾರಾಗಿ ಹರಿದುಕೊಂಡು, ಹೆಡ್‌ಮಾಸ್ಟರ್ ರೂಮಿನ ಕಡೆ ನಡೆದಳು.