ಮಕ್ಕಳ ಕುಡಿತ, ಡ್ರಗ್ಸ್ ತಡೆಯಲು ಊರೇ ಕಾವಲು ನಿಲ್ಲಬೇಕೇ?

ಪರ: ಒಂದು ವರ್ಷ ತಡವಾದರೂ ಅದು ಗೆಲುವೇ

ಈ ಪ್ರಶ್ನೆಗೆ ‘ಹೌದು’ ಎಂದು ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನಾನು ಹೈಸ್ಕೂಲು ಮೇಷ್ಟ್ರು. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪೂರ್ತಿ ಹೌದು ಎನ್ನಲು ಸ್ವಲ್ಪ ಅಳುಕಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ‘ಇಲ್ಲ’ ಎನ್ನಲು ಅದಕ್ಕಿಂತ ಜಾಸ್ತಿ ಅಳುಕಿದೆ.

ನನ್ನ ಮುಖ್ಯ ಮಾತು ಒಂದೇ. ತಡ ಮಾಡಿಸಿ. ಮಗು ಮೊದಲ ಸಲ ಕುಡಿಯುವ ವಯಸ್ಸನ್ನು ಎಷ್ಟು ಮುಂದಕ್ಕೆ ತಳ್ಳಲು ಆಗುತ್ತದೋ ಅಷ್ಟು ತಳ್ಳಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಸಾವಿರಾರು ವಯಸ್ಕರನ್ನು ಕೇಳಿ ಒಂದು ಲೆಕ್ಕ ತೆಗೆದರು. 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 40 ಜನ ಜೀವನದಲ್ಲಿ ಯಾವಾಗಲಾದರೂ ಕುಡಿತಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು 10 ಜನ. ಬೇಗ ಶುರು ಮಾಡುವ ಮಕ್ಕಳ ಮನೆಯಲ್ಲಿ ಬೇರೆ ತೊಂದರೆಗಳೂ ಇರುತ್ತವೆ, ನಿಜ. ಆದರೂ ಮಿದುಳು ಬೆಳೆದು ಮುಗಿಯುವುದೇ 25ರ ಹತ್ತಿರಕ್ಕೆ. ಅದರಲ್ಲೂ ‘ಸಾಕು, ನಿಲ್ಲಿಸು’ ಎಂದು ಹೇಳುವ ಭಾಗ ಬಲಿಯುವುದು ಕೊನೆಗೆ. ಅದು ಬಲಿಯುವ ತನಕ ಹೊರಗಿನಿಂದ ಯಾರಾದರೂ ‘ಸಾಕು’ ಎನ್ನಬೇಕು ಅಲ್ವಾ?

ಆ ಯಾರಾದರೂ ಎಂದರೆ ಅಪ್ಪ ಅಮ್ಮ ಮಾತ್ರ ಸಾಲದು. ಶಾಲೆ ಬಿಟ್ಟ ಮೇಲೆ ದೊಡ್ಡವರು ಕೆಲಸದಿಂದ ಬರುವ ತನಕ ಎರಡು ಮೂರು ಗಂಟೆ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಕಂಡ ಹೆಚ್ಚಿನ ಹುಡುಗರು ಜಾರಿದ್ದು ಆ ಹೊತ್ತಿನಲ್ಲೇ.

ಐಸ್‌ಲ್ಯಾಂಡ್‌ನ ಕಥೆ ಈಗ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಯಾಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ. 1998ರಲ್ಲಿ ಅಲ್ಲಿ 15–16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಒಮ್ಮೆಯಾದರೂ ಗಾಂಜಾ ಸೇದಿದವರು 17ರಿಂದ 7ಕ್ಕೆ ಬಂದರು. ದಿನಾ ಸಿಗರೇಟು ಸೇದುವವರು 23ರಿಂದ 3ಕ್ಕೆ. ಅವರು ಮಾಡಿದ್ದು ಭಾಷಣವಲ್ಲ. ಶಾಲೆಗಳಲ್ಲಿ ಮಕ್ಕಳನ್ನೇ ಕೇಳಿ, ಹೆಸರು ಬರೆಸಿಕೊಳ್ಳದೆ ಸಮೀಕ್ಷೆ ಮಾಡಿದರು. ಅದರ ಫಲಿತಾಂಶವನ್ನು ಆಯಾ ಶಾಲೆಗೇ, ಆಯಾ ಬಡಾವಣೆಗೇ ಕೊಟ್ಟರು. ಆಟಕ್ಕೆ, ಸಂಗೀತಕ್ಕೆ, ಕುಣಿತಕ್ಕೆ ಸರ್ಕಾರದ ಹಣ ಬಂತು. ತಂದೆತಾಯಿ ಸರದಿ ಹಾಕಿಕೊಂಡು ಸಂಜೆ ಬೀದಿ ಸುತ್ತಿದರು. 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ 10ರ ಮೇಲೆ, ಬೇಸಿಗೆಯಲ್ಲಿ 12ರ ಮೇಲೆ ಒಬ್ಬರೇ ಹೊರಗೆ ಸುತ್ತುವಂತಿಲ್ಲ ಎಂದಾಯಿತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ತಂದೆತಾಯಿಗಳ ಒಪ್ಪಂದ. ಒಂದು ತರಗತಿಯ ಮಕ್ಕಳ ಮನೆಯವರೆಲ್ಲ ಕೂತು ಒಂದೇ ನಿಯಮ ಮಾಡಿಕೊಳ್ಳುತ್ತಾರೆ. ದೊಡ್ಡವರಿಲ್ಲದ ಪಾರ್ಟಿ ಬೇಡ, ಚಿಕ್ಕವರಿಗೆ ಯಾರೂ ಕುಡಿತ ಕೊಡಿಸುವುದು ಬೇಡ, ಹೀಗೆ. ‘ಎಲ್ಲರ ಮನೆಯಲ್ಲೂ ಬಿಡುತ್ತಾರೆ, ನೀವು ಮಾತ್ರ ಬಿಡಲ್ಲ’ ಎಂದು ಮಗ ಹೇಳಿದಾಗ ಎಷ್ಟು ಅಮ್ಮಂದಿರು ಸೋತು ನನ್ನ ಹತ್ತಿರ ಬಂದಿದ್ದಾರೆ ಗೊತ್ತೇ? ಹತ್ತು ಮನೆಯಲ್ಲಿ ಒಂದೇ ಉತ್ತರ ಬಂದರೆ ಆ ಮಾತಿಗೆ ಬಲವೇ ಇರುವುದಿಲ್ಲ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಾಕಿನ್ಸ್ ಮತ್ತು ಕಟಲಾನೊ ಎಂಬ ಇಬ್ಬರು 7 ರಾಜ್ಯಗಳ 24 ಊರುಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಊರುಗಳಲ್ಲಿ ಜನರನ್ನೇ ಸೇರಿಸಿ ಮಕ್ಕಳ ಕುಡಿತ, ಡ್ರಗ್ಸ್ ತಡೆಯುವ ಕೆಲಸ ಮಾಡಿಸಿದರು, ಉಳಿದರ್ಧ ಊರುಗಳನ್ನು ಹಾಗೇ ಬಿಟ್ಟರು. ಎಂಟನೆಯ ತರಗತಿಗೆ ಬರುವ ಹೊತ್ತಿಗೆ, ಕೆಲಸ ನಡೆದ ಊರುಗಳಲ್ಲಿ ಹೊಸದಾಗಿ ಕುಡಿತ, ಸಿಗರೇಟು ಶುರು ಮಾಡಿದ ಮಕ್ಕಳು ಕಡಿಮೆ ಇದ್ದರು. ಫಲ ದೊಡ್ಡದಲ್ಲ. ಆದರೆ ಇದೆ.

ಮಕ್ಕಳ ಸ್ವಾತಂತ್ರ್ಯದ ಮಾತು ಬರುತ್ತದೆ. ಹದಿನಾಲ್ಕರ ಮಗುವಿಗೆ ಬಾಟಲಿ ಹಿಡಿಯುವ ಸ್ವಾತಂತ್ರ್ಯ ಬೇಕು ಎಂದು ಯಾರಾದರೂ ಎದೆ ಮುಟ್ಟಿ ಹೇಳಲಿ. ಕಾವಲು ಅಂದ ಕೂಡಲೇ ಲಾಠಿ ನೆನಪು ಮಾಡಿಕೊಳ್ಳುವವರಿಗೆ ನಾನು ಏನು ಹೇಳಲಿ? ಸಂಜೆ ಮೈದಾನದ ಪಕ್ಕ ನಾಲ್ಕು ಜನ ಅಪ್ಪಂದಿರು ಓಡಾಡಿದರೆ ಯಾರ ಮೇಲೂ ಏಟು ಬೀಳುವುದಿಲ್ಲ.

ನನ್ನ ಅಳುಕು ಇಷ್ಟೇ. ಇಂಥ ಕೆಲಸ ಮೊದಲ ಆರು ತಿಂಗಳು ಜೋರಾಗಿ ನಡೆಯುತ್ತದೆ, ಆಮೇಲೆ ಇಬ್ಬರೋ ಮೂವರೋ ಉಳಿಯುತ್ತಾರೆ. ಹಾಗಾಗಿ ಪಟ್ಟಿ ದೊಡ್ಡದು ಮಾಡಬೇಡಿ. ಸಂಜೆ ಮೈದಾನ ತೆರೆದಿಡಿ, ಒಬ್ಬ ದೊಡ್ಡವರು ಅಲ್ಲಿರಲಿ. ನಾನು ವಾರಕ್ಕೆ ಎರಡು ದಿನ ಬರುತ್ತೇನೆ.

ವಿರೋಧ: ಆ ಮಗು ಯಾರಿಗೆ ಹೇಳಬೇಕು?

ನನ್ನ ತಮ್ಮನಿಗೆ ಆಗ ಹದಿನಾರು. ನಾವಿದ್ದ ಕಡೆ ತಂದೆತಾಯಿಗಳೆಲ್ಲ ಸೇರಿ ಒಂದು ಕಾವಲು ಗುಂಪು ಮಾಡಿಕೊಂಡರು. ಒಳ್ಳೆಯ ಜನ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ನಮ್ಮ ಅಮ್ಮನೂ ಅದರಲ್ಲಿದ್ದಳು. ಒಂದು ಸಂಜೆ ಮೈದಾನದ ಹಿಂದೆ ಮೂವರು ಹುಡುಗರು ಬಾಟಲಿ ಹಿಡಿದಿದ್ದನ್ನು ಯಾರೋ ಕಂಡರು. ಗುಂಪಿಗೆ ಮೆಸೇಜ್ ಬಂತು. ಮೂವರ ಹೆಸರೂ ಅದರಲ್ಲಿತ್ತು. ಮಗ ಕುಡಿದ ವಿಷಯ ಅಮ್ಮನಿಗೆ ಗೊತ್ತಾಗಿದ್ದು ಹಾಗೆ, ಎಂಬತ್ತು ಜನರ ಜೊತೆಗೆ, ಒಂದೇ ಕ್ಷಣದಲ್ಲಿ.

ಅವಳು ಅವತ್ತು ಅವನನ್ನು ಏನೂ ಕೇಳಲಿಲ್ಲ. ಬೈದಳು, ಅಷ್ಟೇ. ಎಂಬತ್ತು ಜನ ನೋಡುತ್ತಿರುವಾಗ ‘ಯಾಕೋ, ಏನಾಯ್ತೋ’ ಎಂದು ಕೇಳಲು ಬಾಯಿ ಬರುವುದಿಲ್ಲ. ನಾಲ್ಕು ದಿನದಲ್ಲಿ ಅವನನ್ನು ಫುಟ್‌ಬಾಲ್ ತಂಡದಿಂದ ಬಿಟ್ಟರು. ಬೇರೆ ಮಕ್ಕಳ ಮನೆಯವರು ಕೇಳುತ್ತಿದ್ದಾರೆ, ನಮ್ಮ ಕೈಯಲ್ಲಿಲ್ಲ ಎಂದರು. ಬಾಲ್ಯದಿಂದ ಆಡಿದ ಗೆಳೆಯರನ್ನು ಅವರ ಅಪ್ಪ ಅಮ್ಮ ದೂರ ಇಟ್ಟರು. ಹಾಗಾದರೆ ಅವನ ಜೊತೆ ಉಳಿದವರು ಯಾರು? ಮೆಸೇಜಿನಲ್ಲಿ ಹೆಸರಿದ್ದ ಇನ್ನಿಬ್ಬರು. ಅದಕ್ಕೂ ಮೊದಲು ಅವನು ಕುಡಿದಿದ್ದು ಎರಡು ಸಲ. ಆಮೇಲೆ ಲೆಕ್ಕ ಇಡುವುದನ್ನು ನಾವು ಬಿಟ್ಟೆವು.

ಎದುರು ಪಕ್ಷದವರು ಅಂಕಿ ತೋರಿಸುತ್ತಾರೆ. ಐಸ್‌ಲ್ಯಾಂಡ್, ಐಸ್‌ಲ್ಯಾಂಡ್. ನಾಲ್ಕು ಲಕ್ಷವೂ ಜನರಿಲ್ಲದ ದೇಶ ಅದು, ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಎಂದು ನಾನು ನಂಬುವುದಿಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ 2000ದ ನಂತರ ಹದಿಹರೆಯದವರ ಕುಡಿತ ಇಳಿದಿದೆ. ಅಲ್ಲಿ ಯಾವ ಅಪ್ಪಂದಿರು ದೇಶ ಪೂರ್ತಿ ಬೀದಿ ಕಾದರು? ಕಾಲ ಬದಲಾದದ್ದಕ್ಕೆ ಕಾವಲುಗಾರರು ಹೆಸರು ತೆಗೆದುಕೊಳ್ಳುತ್ತಿದ್ದಾರೆ ಅನಿಸುತ್ತದೆ.

ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದಾಗುವುದಿಲ್ಲ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ತರಗತಿಗೆ ಬಂದು ಡ್ರಗ್ಸ್ ಬೇಡ ಎಂದು ಪಾಠ ಮಾಡುತ್ತಿದ್ದರು. ಅಮೆರಿಕದ ಊರೂರಿಗೆ ಹರಡಿತು. ಜನಕ್ಕೆ ಅದೆಂದರೆ ಪ್ರೀತಿ. 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಮಕ್ಕಳು ಡ್ರಗ್ಸ್ ಬಳಸುವುದರ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಹಳೆಯ ಪಾಠವನ್ನೇ ವರ್ಷಗಟ್ಟಲೆ ನಡೆಸಿದರು. ಪೂರ್ತಿ ಬೇರೆ ಪಾಠ ಬಂದದ್ದು 2009ರಲ್ಲಿ.

ಇನ್ನೊಂದು ಹಳೆಯ ಪ್ರಯೋಗ ನನ್ನನ್ನು ಬಿಡದೆ ಕಾಡುತ್ತದೆ. 1939ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್ವಿಲ್ ಎಂಬ ಊರುಗಳಲ್ಲಿ ಹುಡುಗರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಬುದ್ಧಿ ಹೇಳುವವರು, ಪಾಠ, ವೈದ್ಯರು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಇನ್ನೊಬ್ಬನನ್ನು ಹಾಗೇ ಬಿಟ್ಟರು. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲ ಹುಡುಕಿದರು. ಸಹಾಯ ಪಡೆದವರಲ್ಲೇ ಕುಡಿತದ ಲಕ್ಷಣ ಜಾಸ್ತಿ, ಬೇಗ ಸತ್ತವರೂ ಜಾಸ್ತಿ. ಹೆಚ್ಚು ಕೆಟ್ಟದ್ದಾದದ್ದು ಮತ್ತೆ ಮತ್ತೆ ಶಿಬಿರಕ್ಕೆ ಹೋದವರಿಗೆ. ಜಾರುವ ಹುಡುಗರನ್ನು ಒಟ್ಟಿಗೆ ಸೇರಿಸಿದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ ಎಂದು 1999ರಲ್ಲಿ ಅವರೂ ಅವರ ಜೊತೆಯವರೂ ಬರೆದರು. ನನ್ನ ತಮ್ಮನಿಗೆ ಶಿಬಿರ ಬೇಕಾಗಲಿಲ್ಲ. ಊರೇ ಮೂವರನ್ನು ಒಂದು ಮೂಲೆಗೆ ಸೇರಿಸಿಬಿಟ್ಟಿತು.

ನಾನು ಕೇಳುವುದು ಒಂದೇ ಪ್ರಶ್ನೆ. ಕಾಲು ಜಾರಿದ ಮಗು ಯಾರ ಹತ್ತಿರ ಹೋಗಿ ಹೇಳಬೇಕು? ಮೇಷ್ಟ್ರು ಗುಂಪಿನಲ್ಲಿದ್ದಾರೆ. ಪಕ್ಕದ ಮನೆಯವರು ಗುಂಪಿನಲ್ಲಿದ್ದಾರೆ. ಗೆಳೆಯನ ಅಪ್ಪ ಸಂಜೆ ಬೀದಿ ಕಾಯುತ್ತಾನೆ. ಅಮ್ಮನ ಫೋನಿಗೆ ಎಲ್ಲ ಮೆಸೇಜೂ ಬರುತ್ತದೆ. ಅವನು ಯಾರಿಗೆ ಹೇಳಬೇಕು?

ಎರಡು ವರ್ಷದ ನಂತರ ಒಂದು ರಾತ್ರಿ ಒಂದೂವರೆ ಗಂಟೆಗೆ ನಮ್ಮ ಮನೆಯ ಬೆಲ್ ಬಡಿಯಿತು. ನಾನು ಬಾಗಿಲು ತೆಗೆದೆ. ತಮ್ಮ ಮೆಟ್ಟಿಲ ಮೇಲೆ ಅಂಗಾತ ಬಿದ್ದಿದ್ದ. ಕರೆದರೆ ಮಾತಿಲ್ಲ. ಬಾಯಲ್ಲಿ ವಾಂತಿ ತುಂಬಿತ್ತು. ಬೀದಿಯ ಕೊನೆಯಲ್ಲಿ ಇಬ್ಬರು ಓಡುತ್ತಿದ್ದದ್ದು ಕಂಡಿತು. ನಾನು ಅವನನ್ನು ಪಕ್ಕಕ್ಕೆ ಹೊರಳಿಸಿದೆ. ಬೆರಳಿಂದ ಬಾಯಿ ಚೊಕ್ಕಟ ಮಾಡಿದೆ. ಆಂಬುಲೆನ್ಸ್ ಬರುವ ತನಕ ಅವನ ಬೆನ್ನಿಗೆ ನನ್ನ ಮಂಡಿ ಕೊಟ್ಟು ಕೂತಿದ್ದೆ, ಮತ್ತೆ ಅಂಗಾತ ಆಗದಿರಲಿ ಎಂದು. ಎಚ್ಚರ ತಪ್ಪುವಷ್ಟು ಕುಡಿದವರನ್ನು ಅಂಗಾತ ಮಲಗಿಸಬಾರದು, ವಾಂತಿ ಉಸಿರಿಗೆ ಅಡ್ಡ ಬರುತ್ತದೆ. ಆ ಮಾತನ್ನು ಯಾವ ಕಾವಲು ಗುಂಪೂ ಆ ಹುಡುಗರಿಗೆ ಹೇಳಿಕೊಟ್ಟಿರಲಿಲ್ಲ.

ಓಡಿಹೋದ ಒಬ್ಬನನ್ನು ಮುಂದಿನ ವಾರ ಹಿಡಿದು ಕೇಳಿದೆ. ಅವನು ಅಳುತ್ತಿದ್ದ. “ಅಕ್ಕಾ, ಫೋನ್ ಮಾಡಿದ್ರೆ ನಮ್ಮ ಹೆಸರು ಗುಂಪಿಗೆ ಹೋಗ್ತಿತ್ತು” ಎಂದ. ಅವರು ಒಂದು ಗಂಟೆ ಹೊತ್ತು ಅವನನ್ನು ಮೈದಾನದ ಹಿಂದೆ ಇಟ್ಟುಕೊಂಡು ಏನು ಮಾಡಬೇಕು ಎಂದು ಕೂತಿದ್ದರಂತೆ. ಒಂದು ಗಂಟೆ.

ಈ ಭಯ ನನ್ನ ತಮ್ಮನ ಗೆಳೆಯರದ್ದು ಮಾತ್ರ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲೇ ಒಂದು ಕಾನೂನು ಮಾಡಿತು. ಡ್ರಗ್ಸ್ ಜಾಸ್ತಿಯಾಗಿ ಬಿದ್ದವರಿಗಾಗಿ ಫೋನ್ ಮಾಡಿದರೆ, ಡ್ರಗ್ಸ್ ಇಟ್ಟುಕೊಂಡಿದ್ದಕ್ಕೆ ಆ ಫೋನ್ ಮಾಡಿದವರ ಮೇಲೆ ಕೇಸು ಹಾಕುವುದಿಲ್ಲ ಎಂದು. ಆಮೇಲೆ ಹೆಚ್ಚಿನ ರಾಜ್ಯಗಳು ಅದನ್ನೇ ಮಾಡಿದವು. ಸಿಕ್ಕಿಬೀಳುವ ಹೆದರಿಕೆಯಿಂದ ಜನ ಫೋನ್ ಮಾಡುವುದಿಲ್ಲ ಎಂಬುದು ಸರ್ಕಾರಗಳಿಗೇ ಅರ್ಥವಾಗಿದೆ. ಪೊಲೀಸರಿಗೆ ಹೆದರುವವರಿಗೆ ಕಾನೂನು ಹೀಗೆ ದಾರಿ ಮಾಡಿಕೊಟ್ಟಿತು. ಪಕ್ಕದ ಮನೆಯವರಿಗೆ ಹೆದರುವ ಮಗುವಿಗೆ ಯಾವ ಕಾನೂನಿದೆ?

ತಮ್ಮನಿಗೆ ಈಗ ಇಪ್ಪತ್ತನಾಲ್ಕು. ಕುಡಿತ ಬಿಟ್ಟು ಮೂರು ವರ್ಷವಾಯಿತು. ಅವನನ್ನು ಎತ್ತಿದ್ದು ಒಬ್ಬ ಕೌನ್ಸೆಲರ್. ಮೊದಲ ಮೂರು ಸಲ ಅವರು ಅವನ ಪೂರ್ತಿ ಹೆಸರನ್ನೂ ಕೇಳಲಿಲ್ಲ. ಮನೆಗೆ ಹೇಳಿದ್ದೀಯಾ ಎಂದೂ ಕೇಳಲಿಲ್ಲ. ‘ನಿದ್ದೆ ಬರ್ತದಾ?’ ಎಂದು ಕೇಳಿದರಂತೆ. ಅವನು ಹದಿನೈದನೇ ವಯಸ್ಸಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಎಂಬತ್ತು ಜನರಿಗೆ ಅವನ ಬಾಟಲಿ ಕಂಡಿತ್ತು. ಒಂದೇ ಮನೆಯಲ್ಲಿದ್ದ ನನಗೂ ಅವನ ನಿದ್ದೆ ಕಂಡಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ವರ್ಷ ಹೊಸ ಗುಂಪೊಂದು ಶುರುವಾಗಿದೆ. ನೀವೂ ಸೇರಿ ಎಂದು ನನ್ನನ್ನು ಕರೆದರು. ನಾನು ಹೋಗಿ ಒಂದು ಮಾತು ಕೇಳಿದೆ: ‘ನಡುರಾತ್ರಿ ಒಬ್ಬ ಹುಡುಗ ಬಿದ್ದರೆ, ಅವನ ಗೆಳೆಯ ಹೆಸರು ಹೇಳದೆ ಫೋನ್ ಮಾಡಬಹುದಾದ ನಂಬರ್ ಯಾವುದು?’ ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಆ ನಂಬರ್ ಬರುವ ತನಕ ಪಟ್ಟಿಯಲ್ಲಿ ನನ್ನ ಹೆಸರು ಬೇಡ ಎಂದು ಹೇಳಿ ಬಂದಿದ್ದೇನೆ.